ಕಾಣದ ಗ್ರಾಹಕರ ಪ್ರತಿನಿಧಿ

ಮುಂಬಯಿಯ ದಾದರಿನ ಹಿಂದ್‌ಮಾತಾ ಬಟ್ಟೆಪೇಟೆಯಲ್ಲಿ ಸೀರೆ ಕೊಳ್ಳಲು ಬಂದ ಗೃಹಿಣಿಯು ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು, ಒಡಲನ್ನು ಬೆಳಕಿಗೆ ಹಿಡಿದು, ಮಡಿಕೆಯನ್ನು ಬಿಚ್ಚಿ ಮತ್ತೆ ಮಡಚಿ ನೋಡುವಾಗ, ಆಕೆಯ ಕೈಗೆ ಎಟುಕುವುದು ವಸ್ತ್ರದ ಮೇಲ್ಮೈಯೇ ಹೊರತು ಅದರ ಅಂತರಂಗವಲ್ಲ. ಆ ಎಳೆಗಳ ಬಲವೆಷ್ಟು, ಆ ಬಣ್ಣವು ಎಷ್ಟು ಒಗೆತಗಳನ್ನು ತಾಳೀತು ಎಂಬುದನ್ನು ಅಂಗಡಿಯ ಹಾಸಿನ ಮೇಲೆ ಕುಳಿತು ಅರಿಯುವುದು ಯಾರಿಗೂ ಸಾಧ್ಯವಲ್ಲ. ತಾನು ಕಂಡರಿಯದ ಯಾರೋ ಒಬ್ಬರು ತನಗಾಗಿ ಅದನ್ನು ಮೊದಲೇ ಪರೀಕ್ಷಿಸಿದ್ದಾರೆಂಬ ವಿಶ್ವಾಸದಿಂದಲೇ ಆಕೆ ಹಣವನ್ನು ಎಣಿಸಿಕೊಡುತ್ತಾಳೆ. ಕಾರ್ಖಾನೆಯ ಅನ್ನವನ್ನುಂಡರೂ ಕಾರ್ಖಾನೆಯೊಳಗೆ ಆ ಕಾಣದ ಗ್ರಾಹಕರ ಪರವಾಗಿ ನಿಲ್ಲಬೇಕಾದವನೇ ಗುಣನಿಯಂತ್ರಣಾಧಿಕಾರಿ.

ಈ ವೃತ್ತಿಯ ಧರ್ಮವನ್ನು ಚಿಂತಿಸಲು ದಾದರಿಗಿಂತ ಉಚಿತವಾದ ಸ್ಥಳ ದುರ್ಲಭ. 1854ರಲ್ಲಿ ಕಾವಸ್‌ಜೀ ನಾನಾಭಾಯಿ ದಾವರ್ ಅವರು ಮುಂಬಯಿಯ ಮೊದಲ ಹತ್ತಿಗಿರಣಿಯ ಸಂಸ್ಥೆಯನ್ನು ಸ್ಥಾಪಿಸಿದ ತರುವಾಯ ಒಂದೊಂದಾಗಿ ಗಿರಣಿಗಳೆದ್ದು, ದಾದರಿನ ಆಸುಪಾಸಿನಲ್ಲಿಯೂ ಕೋಹಿನೂರ್, ಸ್ಪ್ರಿಂಗ್, ಇಂಡಿಯಾ ಯುನೈಟೆಡ್‌ನ ಆರನೆಯ ನಂಬರಿನ ಗಿರಣಿಗಳು ನೆಲೆಗೊಂಡವು. ಅವುಗಳ ಭೋಂಗಾ, ಎಂದರೆ ಸೈರನ್ನು, ಕೂಗಿದಾಗಲೇ ಕಾರ್ಮಿಕರ ಚಾಳುಗಳಲ್ಲಿ ಹಗಲು ಹುಟ್ಟುತ್ತಿತ್ತು. ನೇಯ್ದ ಬಟ್ಟೆಯು ಕಡೆಗೆ ಫೋಲ್ಡಿಂಗ್ ಖಾತೆಯನ್ನು, ಎಂದರೆ ಮಡಚುವ ವಿಭಾಗವನ್ನು, ಸೇರುತ್ತಿತ್ತು. ಕಡಿದ ಎಳೆ, ಗಂಟು, ಎಣ್ಣೆಯ ಕಲೆ, ತಪ್ಪಿದ ಹೊಕ್ಕು ಇವೆಲ್ಲ ಅಲ್ಲಿ ಪರೀಕ್ಷಕನ ಕಣ್ಣಿಗೆ ಬೀಳುತ್ತಿದ್ದವು.

ದೋಷವು ಕಂಡಿತೆನ್ನೋಣ, ಅದಕ್ಕೆ ಹೊಣೆ ಯಾರು? ಹಿಂದಿನ ಕಾಲದ ಉತ್ತರ ಅತ್ಯಂತ ಸುಲಭವಾಗಿದ್ದಿತು: ನೇಕಾರ. ಅವನಿಗೆ ದಂಡ ವಿಧಿಸುವುದು, ಇಲ್ಲವೆ ಕೆಟ್ಟ ಬಟ್ಟೆಯನ್ನು ಅವನ ಕೈಗೇ ಕೊಟ್ಟು ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುವುದು ಮುಂಬಯಿಯ ಗಿರಣಿಗಳಲ್ಲಿ ರೂಢಿಯಾಗಿದ್ದು, 1936ರ ವೇತನ ಪಾವತಿ ಕಾಯಿದೆಯು ಇಂತಹ ದಂಡಗಳಿಗೆ ಮಿತಿಯನ್ನು ಹಾಕಬೇಕಾಯಿತು. ಹತ್ತಿಯ ಮಿಶ್ರಣ ಕೀಳಾಗಿದ್ದರೆ, ಹಾಸುನೂಲಿಗೆ ಹಾಕಿದ ಗಂಜಿಯ ಪಾಕ ಕೆಟ್ಟಿದ್ದರೆ, ಖಾತೆಯ ಗಾಳಿಯಲ್ಲಿ ತೇವ ಸಾಲದಿದ್ದರೆ ಎಳೆ ಕಡಿಯುವುದು ಮಗ್ಗದ ಮುಂದೆಯೇ. ಆದರೆ ತಪ್ಪು ಅಲ್ಲಿಯದಲ್ಲ. ಅಪರಾಧ ಹುಟ್ಟಿದ ತಾಣವನ್ನು ಬಿಟ್ಟು ಅದು ಪ್ರಕಟವಾದ ತಾಣದಲ್ಲಿ ನಿಂತವನನ್ನು ಶಿಕ್ಷಿಸುವುದು ಅನ್ಯಾಯವೂ ಹೌದು, ನಿಷ್ಪ್ರಯೋಜಕವೂ ಹೌದು.

ಈ ಅನ್ಯಾಯಕ್ಕೆ ಪರಿಹಾರವನ್ನು ತೋರಬಲ್ಲ ಎರಡು ಸಂಗತಿಗಳು ಒಂದೇ ವರ್ಷದಲ್ಲಿ ಘಟಿಸಿದವು. 1924ರಲ್ಲಿ ದಾದರಿನ ನೆರೆಯ ಮಾಟುಂಗಾದಲ್ಲಿ ಭಾರತೀಯ ಕೇಂದ್ರೀಯ ಹತ್ತಿ ಸಮಿತಿಯು ತನ್ನ ತಾಂತ್ರಿಕ ಪ್ರಯೋಗಶಾಲೆಯನ್ನು ತೆರೆದು, ದೇಶದ ನಾನಾ ಭಾಗಗಳ ಹತ್ತಿಯ ತಳಿಗಳನ್ನು ನೂತು ಪರೀಕ್ಷಿಸತೊಡಗಿತು. ಅದೇ ವರ್ಷ ಅಮೆರಿಕದಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ವಿಜ್ಞಾನಿಯು ನಿಯಂತ್ರಣ ನಕ್ಷೆಯನ್ನು ರೂಪಿಸಿದನು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಅವನು ಭಾರತಕ್ಕೂ ಬಂದನು. ಅವನ ತತ್ತ್ವವಾದರೂ ಸರಳ: ಯಾವ ಕೆಲಸದಲ್ಲಿಯೂ ಕಿಂಚಿತ್ ಏರಿಳಿತ ಸಹಜ, ಆ ಸಹಜದ ಮೇಲಿನ ಕೆಳಗಿನ ಎಲ್ಲೆಗಳನ್ನು ಗಣಿತದಿಂದ ಗುರುತಿಸಿದರೆ, ಬಿಂದುವೊಂದು ಎಲ್ಲೆಯನ್ನು ದಾಟಿದಾಗ ಅದಕ್ಕೊಂದು ವಿಶೇಷ ಕಾರಣವಿದೆಯೆಂದು ತಿಳಿದು ಅದನ್ನು ಅರಸಬೇಕು. ಯಾರು ತಪ್ಪಿದರೆಂಬ ಪ್ರಶ್ನೆಯ ಸ್ಥಾನದಲ್ಲಿ ಏಕೆ ತಪ್ಪಿತೆಂಬ ಪ್ರಶ್ನೆಯು ಕುಳಿತದ್ದೇ ಇಲ್ಲಿಯ ಮಹತ್ತಾದ ಪರಿವರ್ತನೆ.

ಗಿರಣಿಯ ಗುಣನಿಯಂತ್ರಣಾಧಿಕಾರಿಯ ದಿನಚರಿಯು ಈ ಪ್ರಶ್ನೆಯ ಸುತ್ತಲೇ ಹೆಣೆದುದು. 27 ಡಿಗ್ರಿ ಶಾಖ, ಶೇಕಡಾ 65ರಷ್ಟು ತೇವಾಂಶವಿರುವ ಪ್ರಯೋಗಶಾಲೆಯಲ್ಲಿ 120 ಗಜಗಳ ಒಂದು ಲೀ ನೂಲನ್ನು ಸುತ್ತಿ, ತೂಗಿ, ಕಡಿಯುವವರೆಗೆ ಜಗ್ಗಿ, ಅದು ಎಷ್ಟು ಪೌಂಡ್ ಭಾರಕ್ಕೆ ಸೋತಿತೆಂದು ಬರೆದಿಡುತ್ತಾನೆ. 840 ಗಜಗಳ ಎಷ್ಟು ಲಡಿಗಳು ಸೇರಿ ಒಂದು ಪೌಂಡ್ ತೂಗುತ್ತವೆಯೋ ಅದೇ ನೂಲಿನ ನಂಬರು. 40ನೆಯ ನಂಬರಿನ ಒಂದು ಪೌಂಡ್ ನೂಲನ್ನು ಬಿಚ್ಚಿದರೆ 33,600 ಗಜಗಳಷ್ಟು ಉದ್ದವಾಗುವುದು. ಅಷ್ಟು ಉದ್ದದ ಯೋಗ್ಯತೆಯನ್ನು ಕೆಲವೇ ಲೀಗಳಿಂದ ನಿರ್ಣಯಿಸಬೇಕಾದವನಿಗೆ ಪ್ರಾಮಾಣಿಕತೆಯೇ ಮೊದಲ ಉಪಕರಣ. ಬೇಡವಾದ ಅಂಕಿಯನ್ನು ಕೈಬಿಟ್ಟು ಬೇಕಾದುದನ್ನು ಉಳಿಸಿಕೊಂಡರೆ ನಕ್ಷೆಯೇನೋ ಸುಂದರವಾದೀತು, ಬಟ್ಟೆ ಸುಂದರವಾಗದು.

ಆದರೆ ಅವನ ನಿಜವಾದ ಪರೀಕ್ಷೆಯು ಪ್ರಯೋಗಶಾಲೆಯಲ್ಲಿ ನಡೆಯುವುದಲ್ಲ. ಸರಕು ಹೊರಡಬೇಕಾದ ಸಂಜೆ, ಲಾರಿ ಬಾಗಿಲಲ್ಲಿ ನಿಂತು, ಮಾರಾಟದವರು ಅವಸರಪಡಿಸುತ್ತಿರುವಾಗ, ಈ ಸರಕು ಹೋಗಕೂಡದೆಂದು ಹೇಳುವ ಧೈರ್ಯವೇ ಆ ಪರೀಕ್ಷೆ. ಆಗ ಆ ಕೋಣೆಯಲ್ಲಿ ಧಣಿಗೆ ಪ್ರತಿನಿಧಿಯುಂಟು, ವ್ಯಾಪಾರಿಗೆ ಪ್ರತಿನಿಧಿಯುಂಟು. ಹಿಂದ್‌ಮಾತಾದ ಆ ಗೃಹಿಣಿಗೆ ಇವನೊಬ್ಬನೇ.

1982ರ ಜನವರಿ 18ರಂದು ಆರಂಭವಾದ ಗಿರಣಿ ಕಾರ್ಮಿಕರ ಮಹಾಮುಷ್ಕರದ ಬಳಿಕ ಗಿರಣಿಗಳ ಯುಗ ಅಸ್ತಂಗತವಾಯಿತು. ಕೋಹಿನೂರ್ ಗಿರಣಿಯ ನೆಲದಲ್ಲಿಂದು ಗಗನಚುಂಬಿಯೊಂದು ನಿಂತಿದೆ. ಚೈತ್ಯಭೂಮಿಯ ಬಳಿಯ, ಇಂದೂ ಮಿಲ್ಲೆಂದು ಹೆಸರಾದ ಆ ಆರನೆಯ ನಂಬರಿನ ಗಿರಣಿಯ ನೆಲವು ಅಂಬೇಡ್ಕರ್ ಸ್ಮಾರಕಕ್ಕೆ ಸಂದಿದೆ. ಮಾಟುಂಗಾದ ಪ್ರಯೋಗಶಾಲೆ ಮಾತ್ರ ಹೆಸರು ಬದಲಿಸಿಕೊಂಡು ಇಂದಿಗೂ ಹತ್ತಿಯ ಎಳೆಯನ್ನು ಅಳೆಯುತ್ತಿದೆ. ಗಿರಣಿಗಳು ಹೋದರೂ ಆ ವೃತ್ತಿಯು ಉಳಿದಿದೆ. ಔಷಧದ ಗುಳಿಗೆಯಿಂದ ವಾಹನದ ಬ್ರೇಕಿನವರೆಗೆ ಇಂದು ನಮ್ಮ ಪ್ರಾಣವೇ ಅವಲಂಬಿಸಿರುವ ವಸ್ತುಗಳ ಮೇಲೆ ಸಹಿ ಹಾಕುತ್ತಿರುವ ಯುವಕ ಯುವತಿಯರಲ್ಲಿ ನನ್ನದೊಂದೇ ಬಿನ್ನಹ: ಲೇಖನಿಯನ್ನು ಎತ್ತುವ ಮುನ್ನ, ಆ ವಸ್ತುವನ್ನು ನಂಬಿ ಕೊಳ್ಳಲಿರುವವರನ್ನು ಒಂದು ಕ್ಷಣ ನೆನೆಯಿರಿ, ಆ ಸಹಿಯು ಅವರಿಗೆ ನೀವು ಕೊಟ್ಟ ಮಾತು.