ಮಳೆಗಾಲದಲ್ಲಿ ಜೀಪು ಹಠ ಹಿಡಿದಾಗ

ಡಾಂಬರು ರಸ್ತೆಯಿಂದ ಎರಡು ಮೈಲಿ ಒಳಗೆ ಮನೆ, ಕೆಳಗಿನ ಕಣಿವೆಯಲ್ಲಿ ಅಡಿಕೆ, ಮೇಲಿನ ಗುಡ್ಡದಲ್ಲಿ ನಾಲ್ಕಾರು ಎಕರೆ ಕಾಫಿ. ನಮ್ಮ ಸದಸ್ಯರಲ್ಲಿ ಬಹುಮಂದಿಯ ಸ್ಥಿತಿ ಇದೇ. ಇಂಥ ಕಡೆ ಜೀಪಾಗಲಿ ಕಾರಾಗಲಿ ದೊಡ್ಡಸ್ತಿಕೆಯ ವಸ್ತುವಲ್ಲ. ಗೊಬ್ಬರದ ಮೂಟೆ, ಮೈಲುತುತ್ತು, ಸುಣ್ಣ, ಕೊಯ್ಲಿನ ಆಳುಗಳು, ಶಾಲೆಯ ಮಕ್ಕಳು, ಎಲ್ಲಕ್ಕೂ ಅದೊಂದೇ ಗಾಡಿ. ಆಷಾಢದ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ ಘಾಟಿಯಿಳಿದು ಮಣಿಪಾಲಕ್ಕೋ ಮಂಗಳೂರಿಗೋ ಮುಟ್ಟಿಸಬೇಕಾದದ್ದೂ ಅದೇ. ಅಂಥ ಹೊತ್ತಿನಲ್ಲಿ ಕೀಲಿ ತಿರುಗಿಸಿದಾಗ ಬರಿಯ ‘ಟಿಕ್’ ಎಂಬ ಸದ್ದು ಬಂದರೆ ಗತಿಯೇನು? ಮೆಕ್ಯಾನಿಕ್ ಇರುವುದು ಪೇಟೆಯಲ್ಲಿ. ಕರೆಂಟು ಹೋಗಿ ಎರಡು ದಿನವಾಗಿದ್ದರೆ ಫೋನೂ ಇಲ್ಲ. ಆದಕಾರಣ ಮನೆಯವರೇ ಏನೇನನ್ನು ನೋಡಿಕೊಳ್ಳಬಹುದು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

“ಈಗಿನ ಗಾಡಿಗಳೆಲ್ಲ ಕಂಪ್ಯೂಟರು, ನಮ್ಮ ಕೈಗೆ ಬಗ್ಗುವುದಿಲ್ಲ” ಎಂದು ಕೆಲವರು ಹೇಳುವುದುಂಟು. ಮಾತಿನಲ್ಲಿ ಅರ್ಧ ನಿಜವಿದೆ. ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಹಳೆಯ ಪೆಟ್ರೋಲ್ ಜೀಪಾಗಲಿ, ಪಿಜೋ ಡೀಸೆಲ್ ಇಂಜಿನ್ನಿನ ಎಂಎಂ 540 ಆಗಲಿ, 2000ರಲ್ಲಿ ಬಂದ ಮೊದಲ ಬೊಲೆರೋಗಳಾಗಲಿ ಸ್ಪ್ಯಾನರಿಗೆ ಮಾತು ಕೇಳುತ್ತಿದ್ದವು. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಜಾರಿಯಾದ ಮೇಲೆ ಬಂದ ಇಂಜಿನ್ನುಗಳ ಒಳಗುಟ್ಟು ಬೇರೆ. ಆದರೆ ಬ್ಯಾಟರಿ, ಡೀಸೆಲ್, ನೀರು, ಬೆಲ್ಟು, ಬ್ರೇಕು ಇವು ಹಳೆಯದಕ್ಕೂ ಹೊಸದಕ್ಕೂ ಇದ್ದೇ ಇವೆ. ದಾರಿಯಲ್ಲಿ ಕೈಕೊಡುವುದೂ ಹೆಚ್ಚಾಗಿ ಇವೇ.

ಬೋರ್ಡೋ ದ್ರಾವಣ ಮಾಡಿದಾಗ ನಾವು ನೇರವಾಗಿ ಪಂಪಿಗೆ ಸುರಿಯುವುದಿಲ್ಲ. ಚಾಕು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತೇ ಎಂದು ನೋಡಿ, ಬೇಕಾದರೆ ಇನ್ನಷ್ಟು ಸುಣ್ಣ ಸೇರಿಸುತ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ಈ ತಾಳ್ಮೆ ಕಾಣುವುದಿಲ್ಲ. ಸದಸ್ಯರೊಬ್ಬರು ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದರು. ವಾರದೊಳಗೆ ಅದೂ ಮಲಗಿತು. ಕೊನೆಗೆ ನೋಡಿದರೆ ಆಲ್ಟರ್ನೇಟರಿನ ಬೆಲ್ಟು ಸಡಿಲಾಗಿ ಜಾರುತ್ತಿತ್ತು. ಬಿಗಿ ಮಾಡಿದ್ದಕ್ಕೆ ಹಿಡಿದ ಸಮಯ ಹತ್ತು ನಿಮಿಷ. ಹಳೆಯ ಬ್ಯಾಟರಿ ಅಷ್ಟರಲ್ಲಿ ಗುಜರಿ ಸೇರಿತ್ತು.

ಸ್ಟಾರ್ಟ್ ಆಗದ ಗಾಡಿಗೆ ಮೊದಲು ಕಿವಿಗೊಡಬೇಕು. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ಒಂದೇ ಸಮನೆ ‘ಟಿಕ್ ಟಿಕ್ ಟಿಕ್’ ಎಂದು ಸದ್ದು ಬಂದು ಲೈಟು ಕುಂದಿಹೋದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸರಿಯಾಗಿ ಕಚ್ಚಿಲ್ಲ. ಲೈಟು ಪ್ರಖರವಾಗಿಯೇ ಉರಿಯುತ್ತಿದ್ದು ‘ಟಕ್’ ಎಂದು ಒಂದೇ ಸದ್ದು ಬಂದರೆ ಅಥವಾ ಸದ್ದೇ ಇಲ್ಲದಿದ್ದರೆ ಸ್ಟಾರ್ಟರ್ ಮೋಟರು, ಅದಕ್ಕೆ ಹೋಗುವ ವೈರು, ಅರ್ತ್ ಪಟ್ಟಿ ಇವುಗಳಲ್ಲಿ ದೋಷವಿರಬೇಕು. ಸ್ಟಾರ್ಟರ್ ಇಂಜಿನ್ನನ್ನು ಚೆನ್ನಾಗಿಯೇ ತಿರುಗಿಸಿಯೂ ಇಂಜಿನ್ ಹಿಡಿಯದಿದ್ದರೆ ಬ್ಯಾಟರಿಯ ತಂಟೆಗೆ ಹೋಗಬೇಡಿ, ಡೀಸೆಲ್ ಕಡೆ ನೋಡಿ. ಇಷ್ಟನ್ನು ತಿಳಿದು ಮೆಕ್ಯಾನಿಕ್‌ಗೆ ಹೇಳಿದರೂ ಅವನು ಬೇಕಾದ ಸಾಮಾನನ್ನೇ ಹಿಡಿದು ಬರುತ್ತಾನೆ.

ಬ್ಯಾಟರಿಯ ಕಂಬಗಳ ಮೇಲೆ ಬಿಳಿ, ಹಸಿರು ಪುಡಿ ಬೆಳೆದಿದ್ದರೆ ಮೊದಲು ನೆಗೆಟಿವ್ ಕಡೆಯ ಕ್ಲಾಂಪನ್ನು, ಆಮೇಲೆ ಪಾಸಿಟಿವ್ ಕಡೆಯದನ್ನು ಬಿಚ್ಚಿ. ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಮರಳು ಕಾಗದದಿಂದ ಉಜ್ಜಿ, ಬಿಗಿಯಾಗಿ ಹಾಕಿ, ಮೇಲೆ ವ್ಯಾಸಲೀನ್ ಸವರಿ. ಹಾಕುವಾಗ ನೆಗೆಟಿವ್ ಕೊನೆಗೆ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬ್ಯಾಟರಿಯಿಂದ ಹೊರಡುವ ಅನಿಲ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಹತ್ತಿರ ಬೀಡಿ, ಸೀಮೆಎಣ್ಣೆ ಬುಡ್ಡಿ ಕೂಡದು. ನಾಲ್ಕೈದು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಖಾಲಿಯೆಂದೇ ತಿಳಿಯಬೇಕು. ಇಂಜಿನ್ ಓಡುತ್ತಿರುವಾಗ 13.8ರಿಂದ 14.5ರ ನಡುವೆ ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಬೆಲ್ಟು ಅಥವಾ ಆಲ್ಟರ್ನೇಟರ್ ನೋಡಿಸಿ. ಬ್ಯಾಟರಿ ಅಂಗಡಿಗೆ ಓಡಬೇಡಿ.

ನಮ್ಮ ಸೀಮೆಗೆ ವಿಶೇಷವಾದ ಒಂದು ಕಾಯಿಲೆಯುಂಟು. ಇಂಜಿನ್ನಿಗೂ ಚಾಸಿಗೂ ನಡುವೆ ಇರುವ ಅರ್ತ್ ಪಟ್ಟಿ ತುಕ್ಕು ಹಿಡಿಯುವುದು. ಪೊಟ್ಯಾಷ್ ಮೂಟೆ, ಮೈಲುತುತ್ತಿನ ನೀರು ತುಂಬಿದ ಡ್ರಮ್ಮು ಎಲ್ಲವನ್ನೂ ಅದೇ ಜೀಪಿನಲ್ಲಿ ಸಾಗಿಸುತ್ತೇವೆ. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತು ಕರಗಿಸಬಾರದೆಂದು ಗೊತ್ತಿದ್ದವರೂ, ಅದೇ ನೀರು ಜೀಪಿನ ತಳಕ್ಕೆ ಸೋರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಔಷಧಿ ಹೊಡೆದ ದಿನ ಸಂಜೆ ನಾಲ್ಕು ಕೊಡ ನೀರು ಹಾಕಿ ತಳ ತೊಳೆಯುವುದು ದೊಡ್ಡ ಕೆಲಸವೇನಲ್ಲ.

ಇನ್ನು ಡೀಸೆಲ್ ವಿಚಾರ. ಒಬ್ಬರು ಕೀಲಿ ತಿರುಗಿಸುತ್ತಿರಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರಿನ ಬಾಯಿ ನೋಡಲಿ. ಹೊಗೆಯೇ ಇಲ್ಲದಿದ್ದರೆ ಇಂಜಿನ್ನಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ; ಮಾಗಿಯ ಚಳಿಯಲ್ಲಿ ಹಳೆಯ ಪಿಜೋ ಇಂಜಿನ್ನುಗಳು ಹೀಟರ್ ಪ್ಲಗ್ ಸುಟ್ಟಾಗ ಹೀಗೆ ಮಾಡುತ್ತವೆ. ಹೊಗೆ ಇಲ್ಲದಿದ್ದರೆ ಇಂಜಿನ್ ನಿಲ್ಲಿಸುವ ಕೇಬಲ್ ಅರ್ಧಕ್ಕೆ ಸಿಕ್ಕಿಕೊಂಡಿದೆಯೇ ನೋಡಿ. ಕೇಬಲ್ ಬದಲು ಸೊಲೆನಾಯ್ಡ್ ಇರುವ ಗಾಡಿಯಾದರೆ ಕೀಲಿ ಆನ್ ಮಾಡಿದಾಗ ಪಂಪಿನ ಬಳಿ ಸಣ್ಣ ‘ಕ್ಲಿಕ್’ ಕೇಳಿಸಬೇಕು. ಕೇಳಿಸದಿದ್ದರೆ ಅದರ ವೈರು ಕಳಚಿದೆಯೇ ನೋಡಿ.

ಟ್ಯಾಂಕು ಪೂರ್ತಿ ಬರಿದಾಗಿದ್ದರೆ ಅಥವಾ ಫಿಲ್ಟರ್ ಬದಲಾಯಿಸಿದ್ದರೆ ಡೀಸೆಲ್ ದಾರಿಯಲ್ಲಿ ಗಾಳಿ ಹೊಕ್ಕಿರುತ್ತದೆ. ಹಳೆಯ ಇಂಜಿನ್ನುಗಳಲ್ಲಿ ಇದನ್ನು ತೆಗೆಯುವುದು ಕಷ್ಟವಲ್ಲ. ಫಿಲ್ಟರಿನ ತಲೆಯ ಮೇಲಿನ ಸಣ್ಣ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಕೈಪಂಪನ್ನು ಒತ್ತುತ್ತಾ ಹೋಗಿ. ಮೊದಲು ನೊರೆನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬರುವಾಗಲೇ ಸ್ಕ್ರೂ ಬಿಗಿಯಬೇಕು. ಆಮೇಲೂ ಹಿಡಿಯದಿದ್ದರೆ ಇಂಜೆಕ್ಟರ್ ಪೈಪುಗಳ ನಟ್ಟನ್ನು ಸ್ವಲ್ಪ ಸಡಿಲಿಸಿ ಸ್ಟಾರ್ಟರ್ ತಿರುಗಿಸುವ ರೂಢಿಯಿದೆ. ಆದರೆ ಈ ಎರಡನೆಯ ಕೆಲಸವನ್ನು ಕಾಮನ್ ರೈಲ್ ಇಂಜಿನ್ನಿನ ಹೊಸ ಗಾಡಿಗಳಲ್ಲಿ ಯಾರೂ ಮಾಡಕೂಡದು. ಆ ಪೈಪುಗಳಲ್ಲಿ ಡೀಸೆಲ್ಲಿನ ಒತ್ತಡ 1000 ಬಾರಿಗೂ ಮೀರಿರುತ್ತದೆ. ಕೂದಲೆಳೆಯಷ್ಟು ಸೋರಿದರೂ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಅಂಥವರನ್ನು ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು.

ಜನರೇಟರಿಗೂ ಪಂಪುಸೆಟ್ಟಿಗೂ ಎಂದು ಬ್ಯಾರೆಲಿನಲ್ಲಿ ಡೀಸೆಲ್ ಇಡುವವರು ಒಂದು ಸಂಗತಿ ಗಮನಿಸಬೇಕು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ರಾತ್ರಿ ತಂಪಿಗೆ ಕುಗ್ಗಿದಾಗ ಮುಚ್ಚಳದ ಸಂದಿನಿಂದ ಆ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆಯೆಂಬ ನಂಬಿಕೆ ಸಾಲದು. ಬ್ಯಾರೆಲನ್ನು ಸೂರಿನಡಿ ಇಡಿ. ಆಗದಿದ್ದರೆ ನೀರು ಮುಚ್ಚಳದ ಕಡೆ ನಿಲ್ಲದಂತೆ ಓರೆ ಮಾಡಿ ಇಡಿ. ತಳದ ನಾಲ್ಕು ಬೆರಳು ಡೀಸೆಲ್ಲನ್ನು ಗಾಡಿಗೆ ಹಾಕಬೇಡಿ. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸುವುದನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಮಾಡಬೇಕು. ಪೈಪಿಗೆ ಬಾಯಿಹಾಕಿ ಡೀಸೆಲ್ ಎಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಸಂಚಕಾರ. ನುಂಗಿದವರಿಗೆ ವಾಂತಿ ಮಾಡಿಸಲೂ ಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ನಲವತ್ತು ಐವತ್ತು ರೂಪಾಯಿಯ ಪ್ಲಾಸ್ಟಿಕ್ ಕೈಪಂಪಿಗೆ ಕಂಜೂಸಿ ಮಾಡುವ ಯಜಮಾನರು ಯೋಚಿಸಲಿ.

ಇಲಿಯ ಉಪದ್ರವವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಗೋಣಿಚೀಲ, ಅಡಿಕೆ ಸಿಪ್ಪೆ ರಾಶಿ ಹಾಕಿದ ಕೊಟ್ಟಿಗೆಯಲ್ಲೇ ಗಾಡಿ ನಿಲ್ಲಿಸಿದರೆ ಬಾನೆಟ್ಟಿನೊಳಗೆ ಇಲಿ ಬಾಣಂತನ ಮಾಡುತ್ತದೆ. ಹೊಸ ಗಾಡಿಯ ವೈರಿಂಗ್ ಕಡಿದರೆ ರಿಪೇರಿಗೆ ಒಂದು ಮೂಟೆ ಕಾಫಿಯ ದುಡ್ಡು ಬೇಕಾದೀತು. ನಾಲ್ಕು ದಿನ ನಿಂತ ಗಾಡಿಯನ್ನು ಹೊರಡಿಸುವ ಮೊದಲು ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ಇಂಜಿನ್ ಕಾದು ಮುಳ್ಳು ಕೆಂಪಿಗೆ ಹೋದರೆ ಗಾಡಿ ನಿಲ್ಲಿಸಿ, ಅರ್ಧ ಗಂಟೆಯಾದರೂ ಆರಲು ಬಿಡಿ. ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ಮುಖ, ಎದೆ ಸುಟ್ಟುಕೊಂಡವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಹಳ್ಳ ದಾಟುವಾಗ ಇಂಜಿನ್ ನೀರು ಕುಡಿದು ನಿಂತರೆ ಮತ್ತೆ ಕೀಲಿ ತಿರುಗಿಸಬೇಡಿ. ಸಿಲಿಂಡರಿನಲ್ಲಿ ಸೇರಿದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ. ಎಳೆಸಿಕೊಂಡು ಹೋಗುವುದೇ ಅಗ್ಗ.

ಈಗ ಬ್ರೇಕು. ಇಲ್ಲಿ ನಮ್ಮ ಅಭಿಪ್ರಾಯ ಕಟ್ಟುನಿಟ್ಟಾದದ್ದು: ನೋಡುವುದು ಮನೆಯಲ್ಲಿ, ಬಿಚ್ಚುವುದು ಗ್ಯಾರೇಜಿನಲ್ಲಿ. ಆಗುಂಬೆಯ ಹದಿನಾಲ್ಕು ತಿರುವನ್ನೋ ಚಾರ್ಮಾಡಿಯನ್ನೋ ಮಂಜಿನಲ್ಲಿ ಇಳಿಯಬೇಕಾದ ನಮಗೆ ಇದರಲ್ಲಿ ಪ್ರಯೋಗ ಸಲ್ಲದು. ನೋಡಲು ಬೇಕಾದಷ್ಟಿದೆ. ಪೆಡಲ್ ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ. ಒತ್ತಿ ಹಿಡಿದಂತೆ ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸವೆದಿದೆ. ಚಕ್ರದ ಒಳಮೈಯಲ್ಲಿ ಒದ್ದೆ ಕಂಡರೆ ಆ ದಿನ ಗಾಡಿ ಹೊರಡಿಸಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಡಾಟ್ 3 ದರ್ಜೆಯದು ಹೊಸತಿರುವಾಗ 205 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಘಾಟಿ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿದರೆ ಅಷ್ಟು ಕಾವು ಏರುವುದು ಕಷ್ಟವಲ್ಲ. ಕುದಿದರೆ ಆವಿ, ಆವಿಯಾದರೆ ಪೆಡಲ್ ನೆಲಕ್ಕೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಕಡಿಮೆಯಾಗಿದೆಯೆಂದು ಕೈಗೆ ಸಿಕ್ಕಿದ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರುಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದನ್ನು ಚಾಲಕರಿಗೆ ಖಡಾಖಂಡಿತವಾಗಿ ನಿಷೇಧಿಸಿ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು.

ಅಂಗಳದ ಇಳಿಜಾರಿನಲ್ಲಿ ಕಲ್ಲು ಕೊಟ್ಟು ಜೀಪು ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವ ಪದ್ಧತಿ ಮಲೆನಾಡಿನಲ್ಲಿ ಹಳೆಯದು. ಹಳೆಯ ಜೀಪಿಗೆ ಅದು ನಡೆದೀತು. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಇಂಜಿನ್ ನಿಂತಿರುವಾಗ ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀಯರಿಂಗೂ ಬಿಗಿಯುತ್ತದೆ. ಮುಂದೆ ಕೆರೆಯೋ ಧರೆಯೋ ಇದ್ದರೆ ಈ ಸಾಹಸ ಬೇಡ.

ಗಾಡಿಯ ಕೆಳಗೆ ಹೋಗುವವರಿಗೆ ಒಂದು ಮಾತು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಟ್ಟ ಮೇಲೆಯೇ ಒಳಗೆ ತಲೆ ಹಾಕಬೇಕು. ಟೊಳ್ಳು ಸಿಮೆಂಟ್ ಬ್ಲಾಕು, ಕೆಂಪುಕಲ್ಲು ಇವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಮಳೆಗೆ ನೆನೆದ ಮಣ್ಣಿನಲ್ಲಿ ಜಾಕಿಯೇ ಹೂತುಹೋಗುತ್ತದೆ. ಕೆಳಗೆ ಅಗಲವಾದ ಹಲಗೆ ಕೊಡಿ. ಕೊಟ್ಟಿಗೆಯ ಬಾಗಿಲು ಮುಚ್ಚಿ ಇಂಜಿನ್ ಓಡಿಸಬಾರದು. ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ.

ಗಾಡಿಯಲ್ಲಿ ಸದಾ ಇರಬೇಕಾದ ಸಾಮಾನು ಹೆಚ್ಚೇನಿಲ್ಲ: ಅಳತೆಗೆ ಸರಿಯಾದ ಸ್ಪ್ಯಾನರುಗಳು, ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್, ಫ್ಯೂಸು, ಒಂದು ಬೆಲ್ಟು, ಇನ್ಸುಲೇಷನ್ ಟೇಪು, ಟಾರ್ಚು, ಐದು ಲೀಟರ್ ನೀರು, ಗಾಳಿ ತುಂಬಿದ ಸ್ಟೆಪ್ನಿ. ಜಂಪರ್ ಕೇಬಲ್ ಇದ್ದರೆ ಪಕ್ಕದ ಮನೆಯ ಗಾಡಿಯಿಂದ ಎಬ್ಬಿಸಬಹುದು. ಮೊದಲು ಕೆಂಪು ಕೇಬಲನ್ನು ಎರಡೂ ಬ್ಯಾಟರಿಗಳ ಪಾಸಿಟಿವ್‌ಗೆ, ಆಮೇಲೆ ಕಪ್ಪನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಅದರ ಕೊನೆಯ ತುದಿಯನ್ನು ಸೋತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರವಾಗಿ ಕಚ್ಚಿಸಬೇಕು.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಗಳ ಆಸಿಡ್ ಅಳೆಯಲು ಸಂಘದ ಕಚೇರಿಯಲ್ಲಿ ಹೈಡ್ರೋಮೀಟರ್ ಒಂದನ್ನು ಇಟ್ಟಿದ್ದೇವೆ. ಆರೂ ಕೋಣೆಗಳಲ್ಲಿ 1.260ರ ಮೇಲೆ ತೋರಿಸಿದರೆ ಬ್ಯಾಟರಿ ತುಂಬಿದೆ. ಒಂದು ಕೋಣೆ ಮಾತ್ರ ತೀರ ಕೆಳಗಿದ್ದರೆ ಆ ಬ್ಯಾಟರಿಯ ಆಸೆ ಬಿಡಬಹುದು. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಒಯ್ದು ಮರುದಿನ ಹಿಂದಿರುಗಿಸಬೇಕು. ಕಳೆದ ಸಲ ಒಯ್ದವರು ಸಹಿ ಹಾಕಿದ್ದಾರೆ, ಹೈಡ್ರೋಮೀಟರ್ ಇನ್ನೂ ಬಂದಿಲ್ಲ. ದಯವಿಟ್ಟು ಮುಂದಿನ ಸಂತೆಯ ದಿನ ತಂದುಕೊಡಬೇಕಾಗಿ ಕೋರುತ್ತೇವೆ.