ಗಟ್ಟಿ ಲೋಹದೊಳಗಿನ ಓಡಾಟ

“ಗಟ್ಟಿ ಲೋಹದೊಳಗೆ ಪರಮಾಣು ಓಡಾಡುತ್ತದೆ ಅಂತೀರಿ, ಅದಕ್ಕೆ ಜಾಗ ಎಲ್ಲಿದೆ?” ಎಂದು ಹೈದರಾಬಾದಿನ ಮೆಹದಿಪಟ್ಟಣಂನಿಂದ ಓದುಗರೊಬ್ಬರು ಕೇಳಿದ್ದಾರೆ. ಉತ್ತರ ಅವರ ಬಸ್ ನಿಲ್ದಾಣದಲ್ಲೇ ಇದೆ.

ಸಂಜೆ ಅಲ್ಲಿಂದ ಹೊರಡುವ ಸಿಟಿ ಬಸ್ಸಿನಲ್ಲಿ ಕಾಲಿಡಲು ತೆರಪಿಲ್ಲ. ನಿಂತವರು ನಿಂತಲ್ಲೇ. ಕಂಡಕ್ಟರ್ ಮಾತ್ರ ಇಬ್ಬರ ನಡುವಿನ ಸಂದಿಯಲ್ಲಿ ನಿಂತು ಟಿಕೆಟ್ ಹರಿದು, ಬಸ್ ಕುಲುಕಿ ಜನ ಒಂದಿಷ್ಟು ವಾಲಿದ ಗಳಿಗೆಯಲ್ಲಿ ಮುಂದಿನ ಸಂದಿಗೆ ನುಸುಳುತ್ತಾರೆ. ಕಬ್ಬಿಣದಲ್ಲಿ ಕಾರ್ಬನ್ ಮಾಡುವುದೂ ಇದನ್ನೇ. ಅಲ್ಲಿನ ಸಂದಿಯ ತ್ರಿಜ್ಯ 0.019 ನ್ಯಾನೊಮೀಟರ್, ಕಾರ್ಬನ್ನಿನದು ಸುಮಾರು 0.07. ಹಾಗಾಗಿ ಅದು ಅಕ್ಕಪಕ್ಕದವರನ್ನು ಒತ್ತರಿಸಿಕೊಂಡೇ ಕೂತಿರುತ್ತದೆ. ಕಾವು ಏರಿದಷ್ಟೂ ಕುಲುಕಾಟ ಜಾಸ್ತಿ, ಜಿಗಿತವೂ ಜಾಸ್ತಿ. ಆದರೆ ಕಂಡಕ್ಟರಿಗೆ ಇರುವ ಗುರಿ ಕಾರ್ಬನ್ನಿಗಿಲ್ಲ. ಯಾವ ಕಡೆ ಬೇಕಾದರೂ ಜಿಗಿದೀತು.

ಈ ಜಿಗಿತವನ್ನು ಎಣಿಸುವ ದಾರಿ ತೋರಿದವರು ಫಿಲಿಪ್ಸ್ ಪ್ರಯೋಗಾಲಯದ ಡಚ್ ವಿಜ್ಞಾನಿ ಸ್ನೂಕ್, 1940ರ ಆಸುಪಾಸಿನಲ್ಲಿ. ಕಬ್ಬಿಣದ ತಂತಿಯನ್ನು ಹಿಂಡಿ ಬಿಟ್ಟರೆ ಅದು ಅತ್ತಿತ್ತ ತಿರುಚಾಡುತ್ತದೆ. ಪ್ರತಿ ತಿರುಚಿಗೂ ಕೆಲವು ಸಂದಿಗಳು ತುಸು ಅಗಲವಾಗಿ, ಕಾರ್ಬನ್ ಅತ್ತ ಜಿಗಿಯುತ್ತದೆ. ತಿರುಚು ಮಗುಚಿದಾಗ ವಾಪಸು. ಈ ಓಡಾಟ ಶಕ್ತಿಯನ್ನು ನುಂಗುವುದರಿಂದ ತಂತಿ ಬೇಗ ನಿಂತುಬಿಡುತ್ತದೆ. ತಂತಿಯ ಲಯಕ್ಕೂ ಜಿಗಿತದ ಲಯಕ್ಕೂ ತಾಳ ಕೂಡಿದಾಗ ನಷ್ಟ ಅತಿ ಹೆಚ್ಚು. ಕಾಣದ ಪರಮಾಣುವಿನ ಹೆಜ್ಜೆಯನ್ನು ತಂತಿಯ ತಿರುಚಾಟದಲ್ಲಿ ಓದುವ ಈ ಉಪಾಯಕ್ಕೆ ನಾನು ಮಾರುಹೋಗಿದ್ದೇನೆ! ಲೆಕ್ಕ ಹೀಗಿದೆ: ಹೈದರಾಬಾದಿನ ಬೇಸಿಗೆಯ 40 ಡಿಗ್ರಿಯಲ್ಲಿ, ಬಿಡಿಯಾಗಿರುವ ಕಾರ್ಬನ್ ಪರಮಾಣು ಸೆಕೆಂಡಿಗೆ ಕೆಲವು ಸಲ ಜಿಗಿಯುತ್ತದೆ. ಅದೇ ಕಾವಿನಲ್ಲಿ ಕಬ್ಬಿಣದ ಪರಮಾಣು ವಿಶ್ವದ ವಯಸ್ಸಿನಷ್ಟು ಕಾದರೂ ಜಾಗ ಬಿಟ್ಟು ಕದಲುವುದು ಅನುಮಾನ.

ಹೈಡ್ರೋಜನ್ ಇನ್ನೂ ಚಿಕ್ಕದು, ಇನ್ನೂ ಚುರುಕು. ಅದರ ಓಡಾಟ ಕರ್ನಾಟಕಕ್ಕೂ ಸಂಬಂಧಿಸಿದ್ದು. ಕೈಗಾ ರಿಯಾಕ್ಟರುಗಳ ಒತ್ತಡದ ಕೊಳವೆಗಳನ್ನು ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್ ತಯಾರಿಸುತ್ತದೆ. ಲೋಹ ಜಿರ್ಕೋನಿಯಂ. ಒಳಗೆ ಹರಿಯುವ ಬಿಸಿ ಭಾರಜಲದಿಂದ ಡ್ಯೂಟೀರಿಯಂ, ಅಂದರೆ ಭಾರ ಹೈಡ್ರೋಜನ್, ವರ್ಷಗಟ್ಟಲೆ ಇಷ್ಟಿಷ್ಟೇ ಲೋಹಕ್ಕಿಳಿಯುತ್ತದೆ. ಇಲ್ಲಿ ಓಡಾಟಕ್ಕೊಂದು ಒಲವಿದೆ: ಜಿರ್ಕೋನಿಯಂನಲ್ಲಿ ಹೈಡ್ರೋಜನ್ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಸರಿದು, ಅಲ್ಲಿ ಗುಂಪುಗೂಡಿ, ಪೆಡಸಾದ ಹೈಡ್ರೈಡ್ ಆಗುತ್ತದೆ.

1983ರಲ್ಲಿ ಕೆನಡಾದ ಪಿಕರಿಂಗ್‌ ರಿಯಾಕ್ಟರಿನಲ್ಲಿ ಆದದ್ದು ಇದೇ. ಒಳ–ಹೊರ ಕೊಳವೆಗಳ ನಡುವೆ ಅಂತರ ಕಾಯುವ ಸುರುಳಿ ಸ್ಪ್ರಿಂಗ್ ಜಾಗ ತಪ್ಪಿ, ಬಿಸಿ ಕೊಳವೆ ಜೋತು, ಹೊರಗಿನ ತಣ್ಣನೆಯ ಕೊಳವೆಗೆ ತಾಗಿತು. ತಾಗಿದಲ್ಲಿ ಹೈಡ್ರೈಡ್ ಬೊಬ್ಬೆಯೆದ್ದು, ಕೊಳವೆ ಸುಮಾರು 2 ಮೀಟರ್ ಉದ್ದಕ್ಕೆ ಸೀಳಿತು. ಕೈಗಾದಲ್ಲಿ ಹೈಡ್ರೋಜನ್ ಕಡಿಮೆ ಹೀರುವ ಜಿರ್ಕೋನಿಯಂ–ನಯೋಬಿಯಂ ಮಿಶ್ರಲೋಹವಿದೆ. ಪ್ರತಿ ಕೊಳವೆಗೂ ನಾಲ್ಕು ಸ್ಪ್ರಿಂಗ್, ಜರುಗದಂತೆ ಬಿಗಿಯಾಗಿ.