ನಗರದ ನದಿಗಳು ಮತ್ತು ಅವುಗಳ ಹೆಸರುಗಳು: ಬಿಬಿಡಿ ಬಾಗ್ ಪರಿಸರದ ಜಲನಾಮಗಳನ್ನು ಕುರಿತು

ನದಿಯ ದಡದಲ್ಲಿ ನಗರ ಹುಟ್ಟುತ್ತದೆ ಎಂಬುದು ಸರ್ವವಿದಿತವಾದ ಸಂಗತಿ. ನಗರ ಬೆಳೆದಂತೆ ಆ ನದಿಗೆ ಏನಾಗುತ್ತದೆ, ಅದರ ಹೆಸರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಸ್ಥಳನಾಮಗಳ ಅಧ್ಯಯನದಲ್ಲಿ ಊರ ಹೆಸರುಗಳಿಗೆ ದೊರೆತ ಗಮನ ಹಳ್ಳ, ತೊರೆ, ಕೋಡಿಗಳ ಹೆಸರುಗಳಿಗೆ ದೊರೆತಿಲ್ಲ. ನೀರಿನ ಹೆಸರು ನೀರಿನ ಗತಿಯನ್ನೇ ನಿರ್ಧರಿಸಬಲ್ಲದು ಎಂಬುದನ್ನು ಕೋಲ್ಕತ್ತ ನಗರದ ನಿದರ್ಶನದಿಂದ ತೋರಿಸಿ, ಕನ್ನಡದ ವಿದ್ಯಾರ್ಥಿಗಳಿಗೆ ಅದರಿಂದ ಒದಗುವ ಕರ್ತವ್ಯವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೋಲ್ಕತ್ತದ ಆಡಳಿತ ಹಾಗೂ ವಾಣಿಜ್ಯದ ಹಳೆಯ ಕೇಂದ್ರ ಬಿಬಿಡಿ ಬಾಗ್. ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣ ಕ್ರಾಂತಿಕಾರಿಗಳು 1930ರ ಡಿಸೆಂಬರ್ 8ರಂದು ಅಲ್ಲಿನ ರೈಟರ್ಸ್ ಬಿಲ್ಡಿಂಗ್ ಒಳಹೊಕ್ಕು ಕಾರಾಗೃಹಗಳ ಮುಖ್ಯಾಧಿಕಾರಿ ಸಿಂಪ್ಸನ್‌ನನ್ನು ಕೊಂದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಈ ನಾಮ ರೂಪುಗೊಂಡಿದೆ. ಇದಕ್ಕೆ ಮೊದಲು ಅದು ಡಾಲ್‌ಹೌಸಿ ಸ್ಕ್ವೇರ್. ಅದಕ್ಕೂ ಮೊದಲು ಟ್ಯಾಂಕ್ ಸ್ಕ್ವೇರ್, ಎಂದರೆ ಕೆರೆಯ ಚೌಕ. ಚೌಕದ ನಡುವಿನ ಲಾಲ್ ದಿಘಿ ಎಂಬ ಕೊಳವೇ ಆ ಕೆರೆ. 1709ರ ವೇಳೆಗೆ ಇದನ್ನು ಹೂಳೆತ್ತಿ ವಿಸ್ತರಿಸಲಾಯಿತು; ಕಂಪನಿಯ ಜನರಿಗೆ ಕುಡಿಯುವ ನೀರು ಇಲ್ಲಿಂದಲೇ ದೊರೆಯುತ್ತಿತ್ತು. ಪಕ್ಕದಲ್ಲಿ ಮಹಾನದಿಯೇ ಇರುವಾಗ ಕೆರೆ ಏಕೆ ಬೇಕಾಯಿತು? ಕಡಲಿನಿಂದ ಬಹುದೂರವಿದ್ದರೂ ಹೂಗ್ಲಿ ಉಬ್ಬರ–ಇಳಿತಗಳ ನದಿ. ದಿನಕ್ಕೆರಡು ಬಾರಿ ಅದರ ನೀರು ಹಿಂದಕ್ಕೆ ಮುಂದಕ್ಕೆ ಚಲಿಸುತ್ತದೆ, ಕೆಸರನ್ನು ಕಲಕುತ್ತದೆ. ಕೆರೆಯ ತಿಳಿನೀರು ಆದ್ದರಿಂದ ಅಮೂಲ್ಯವಾಗಿತ್ತು.

ಚೌಕದ ಪಶ್ಚಿಮಕ್ಕಿರುವ ಪ್ರಧಾನ ಅಂಚೆ ಕಚೇರಿಯ ಕಟ್ಟಡ 1868ರದು. ಅದು ನಿಂತಿರುವುದು ಹಳೆಯ ಫೋರ್ಟ್ ವಿಲಿಯಂ ಕೋಟೆಯ ನೆಲದ ಮೇಲೆ. 1756ರಲ್ಲಿ ಸಿರಾಜುದ್ದೌಲನು ವಶಪಡಿಸಿಕೊಂಡದ್ದು ಈ ಕೋಟೆಯನ್ನೇ. ಆ ಕಾಲದಲ್ಲಿ ಹೂಗ್ಲಿ ನದಿ ಕೋಟೆಯ ಪಡುಗೋಡೆಯ ಬಳಿಯಲ್ಲೇ ಹರಿಯುತ್ತಿತ್ತು. ಇಂದು ಅಂಚೆ ಕಚೇರಿಗೂ ನದಿಗೂ ನಡುವೆ ಕಟ್ಟಡಗಳ ಸಾಲು, ಸ್ಟ್ರಾಂಡ್ ರಸ್ತೆ, ಚಕ್ರರೈಲಿನ ಹಳಿ ಇವೆ. ಸ್ವಲ್ಪ ನದಿ ಸರಿದದ್ದರಿಂದ, ಸ್ವಲ್ಪ ದಡವನ್ನು ತುಂಬಿದ್ದರಿಂದ ಈ ನೆಲ ಲಭಿಸಿತು. ಅಂಚೆ ಕಚೇರಿಯ ಸಮೀಪದ ಬೀದಿಗೆ ಕೊಯ್ಲಾಘಾಟ್ ಎಂಬ ಹೆಸರಿದೆ. ‘ಕೊಯ್ಲಾ’ ಎಂದರೆ ಇದ್ದಿಲು. ಆದರೆ ಇದು ‘ಕಿಲ್ಲಾಘಾಟ್’, ಅಂದರೆ ಕೋಟೆಯ ಸೋಪಾನಘಟ್ಟ, ಎಂಬುದರ ಅಪಭ್ರಂಶವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಕೋಟೆಯೂ ಇಲ್ಲ, ಘಟ್ಟದ ನೀರೂ ಇಲ್ಲ. ಹೆಸರು ಮಾತ್ರ ನಿಂತಿದೆ.

ಚೌಕದ ದಕ್ಷಿಣದಲ್ಲಿ ಮತ್ತೊಂದು ಜಲಪಥವಿತ್ತು. ಚಾಂದ್‌ಪಾಲ್ ಘಾಟ್‌ನ ಬಳಿ ಹೂಗ್ಲಿಯಿಂದ ಕವಲೊಡೆದ ಒಂದು ತೋಡು, ಇಂದು ಕಿರಣಶಂಕರ ರಾಯ್ ರಸ್ತೆಯೆನಿಸಿರುವ ಹೇಸ್ಟಿಂಗ್ಸ್ ಬೀದಿಯ ನೆಲದಲ್ಲಿ ಹರಿದು, ಮೂಡಣದ ಉಪ್ಪುನೀರಿನ ಜೌಗುಗಳನ್ನು ಸೇರುತ್ತಿತ್ತು. ಅದನ್ನು ಮುಚ್ಚಿ ಬೀದಿಗಳನ್ನು ಮಾಡಲಾಯಿತು. ನಗರದ ನಡುವಿನ ಒಂದು ಬೀದಿಗೆ ಕ್ರೀಕ್ ರೋ, ಎಂದರೆ ತೋಡಿನ ಸಾಲು, ಎಂಬ ಹೆಸರು ಉಳಿಯಿತು. ಆ ಭಾಗಕ್ಕೆ ‘ಡಿಂಗಾಭಾಂಗಾ’ ಎಂಬ ಹೆಸರೂ ಇತ್ತು. ಅದರ ಅರ್ಥ ‘ದೋಣಿ ಒಡೆದ ಜಾಗ’. 1737ರ ಚಂಡಮಾರುತದಲ್ಲಿ ಅಲ್ಲೊಂದು ದೋಣಿ ಒಡೆಯಿತೆಂದು ಹೇಳಲಾಗುತ್ತದೆ. ಈ ಕಥನದ ಸತ್ಯಾಸತ್ಯತೆ ಏನೇ ಇರಲಿ, ದೋಣಿ ನಡೆಯುವಷ್ಟು ನೀರು ಅಲ್ಲಿತ್ತು ಎಂಬುದಕ್ಕೆ ಆ ಹೆಸರು ಸಾಕ್ಷಿ.

ಇನ್ನು ಮುಖ್ಯ ನದಿಯ ವಿಚಾರ. ಫರಕ್ಕಾದ ಕೆಳಗೆ ಗಂಗೆಯಿಂದ ಬೇರೆಯಾಗಿ ದಕ್ಷಿಣಕ್ಕೆ ಹರಿಯುವ ಕವಲಿಗೆ ಭಾಗೀರಥಿ ಎಂದು ಹೆಸರು. ನವದ್ವೀಪದ ಬಳಿ ಜಲಂಗಿಯನ್ನು ಕೂಡಿದ ಮೇಲೆ ಅದು ಹೂಗ್ಲಿ. ‘ಹೋಗ್ಲಾ’ ಎಂಬ ಜೊಂಡಿನಿಂದ ಈ ಹೆಸರು ಬಂದಿರಬೇಕೆಂದು ಹಲವರು ಊಹಿಸಿದ್ದಾರೆ. ಆದರೆ ಸಾಮಾನ್ಯ ಜನರ ಬಾಯಲ್ಲಿ ಅದು ಎಂದೂ ಗಂಗೆಯೇ. ಬಂಗಾಳಿಯಲ್ಲಿ ‘ಗಾಂಗ್’ ಎಂಬುದು ಯಾವ ನದಿಗಾದರೂ ಸಲ್ಲುವ ಸಾಮಾನ್ಯ ನಾಮವೂ ಹೌದು. ಕನ್ನಡದ ರೈತನು ತನ್ನ ಹೊಲದ ಬಾವಿಯಲ್ಲಿ ನೀರು ಚಿಮ್ಮಿದಾಗ ‘ಗಂಗೆ ಬಂದಳು’ ಎನ್ನುವುದನ್ನು ಇಲ್ಲಿ ನೆನೆಯಬಹುದು. ಎರಡು ಭಾಷೆಗಳಲ್ಲಿಯೂ ಒಂದು ನದಿಯ ಹೆಸರು ನೀರಿನ ಹೆಸರಾಗಿ ಹರಡಿದೆ.

ಕೋಲ್ಕತ್ತದ ಏಳಿಗೆಯ ಹಿಂದೆಯೂ ಒಂದು ನದಿಯ ಅವನತಿ ಇದೆ. ಸರಸ್ವತೀ ನದಿಯ ದಡದ ಸಪ್ತಗ್ರಾಮ ಮಧ್ಯಯುಗದ ಬಂಗಾಳದ ಹಿರಿಯ ಬಂದರು. ಆ ನದಿ ಹೂಳಿನಿಂದ ಸೊರಗಿದಾಗ ಅಲ್ಲಿನ ವರ್ತಕ ಮನೆತನಗಳು ಹೂಗ್ಲಿಯ ದಡದ ಗೋವಿಂದಪುರ, ಸೂತಾನುಟಿಗಳತ್ತ ಬಂದುವು. 1690ರಲ್ಲಿ ಇಂಗ್ಲಿಷ್ ಕಂಪನಿ ಸೂತಾನುಟಿಯಲ್ಲಿ ನೆಲೆಯೂರುವ ಮೊದಲೇ ಅಲ್ಲಿ ನೂಲು, ಬಟ್ಟೆಗಳ ವ್ಯಾಪಾರವಿತ್ತು.

ಹೆಸರಿನ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆದಿಗಂಗೆಯ ವಿಷಯದಲ್ಲಿ. ಗಂಗೆಯ ಪ್ರಾಚೀನ ಪಾತ್ರವೆಂದು ನಂಬಲಾದ ಈ ಪ್ರವಾಹ ಕಾಳಿಘಾಟ್‌ನ ಮೂಲಕ ದಕ್ಷಿಣಕ್ಕೆ ಸಾಗುತ್ತಿತ್ತು. 1495ರ ಕಾಲದ್ದೆನ್ನಲಾದ ವಿಪ್ರದಾಸನ ‘ಮನಸಾವಿಜಯ’ದಲ್ಲಿ ವರ್ತಕ ಚಾಂದನ ಹಡಗುಗಳು ಸಾಗುವುದು ಈ ದಾರಿಯಲ್ಲಿ. ಮುಖ್ಯ ಪ್ರವಾಹ ಪಶ್ಚಿಮದ ಪಾತ್ರಕ್ಕೆ ಹೊರಳಿದ ಮೇಲೆ ಇದು ಕ್ಷೀಣಿಸಿತು. 1775ರಿಂದ 1777ರ ಅವಧಿಯಲ್ಲಿ ವಿಲಿಯಂ ಟಾಲಿ ಎಂಬ ಸೇನಾಧಿಕಾರಿ ಇದರ ಹೂಳೆತ್ತಿಸಿ, ಮೂಡಣದ ವಿದ್ಯಾಧರಿ ನದಿಗೆ ಜೋಡಿಸಿದನು. ದೋಣಿಗಳಿಂದ ಸುಂಕವನ್ನೂ ಪಡೆದನು. ಅಂದಿನಿಂದ ಆದಿಗಂಗೆ ಕಾಗದಪತ್ರಗಳಲ್ಲಿ ‘ಟಾಲಿಯ ನಾಲಾ’ ಆಯಿತು. ಟಾಲಿಗಂಜ್ ಎಂಬ ಬಡಾವಣೆಯ ಹೆಸರೂ ಅವನದೇ.

ಇಲ್ಲಿ ಒಂದು ಶಬ್ದವಿಚಾರ ಅವಶ್ಯ. ಕನ್ನಡದ ‘ನಾಲೆ’ಗೆ ಗೌರವದ ಅರ್ಥವಿದೆ, ಮಂಡ್ಯದ ವಿಶ್ವೇಶ್ವರಯ್ಯ ನಾಲೆಯೆಂದರೆ ಗದ್ದೆಗೆ ಜೀವ ಕೊಡುವ ನೀರು. ಬಂಗಾಳಿ, ಹಿಂದಿಗಳಲ್ಲಿ ‘ನಾಲಾ’ ಎಂದರೆ ಬಹುಮಟ್ಟಿಗೆ ಕೊಳಚೆಯ ಚರಂಡಿ. ಟಾಲಿಯ ಕಾಲದಲ್ಲಿ ಸಂಚಾರದ ಕಾಲುವೆಯನ್ನು ಸೂಚಿಸಿದ ಹೆಸರು ಕ್ರಮೇಣ ಈ ಎರಡನೆಯ ಅರ್ಥಕ್ಕೆ ಇಳಿಯಿತು. ಹೆಸರಿನೊಡನೆ ನದಿಯೂ ಇಳಿಯಿತು. 2009ರಲ್ಲಿ ಮೆಟ್ರೋ ರೈಲು ಟಾಲಿಗಂಜ್‌ನಿಂದ ದಕ್ಷಿಣಕ್ಕೆ ವಿಸ್ತರಿಸಿದಾಗ ಅದರ ಕಂಬಗಳನ್ನು ನಿಲ್ಲಿಸಿದ್ದು ಈ ಪಾತ್ರದಲ್ಲೇ. ಹೂಳು, ಒತ್ತುವರಿ, ಕೊಳಚೆಗಳೇ ಪ್ರತ್ಯಕ್ಷ ಕಾರಣಗಳು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗಂಗೆಯ ನಡುವೆ ಕಂಬ ನೆಡಲು ಹಿಂಜರಿಯುವ ಸಮಾಜ ನಾಲಾದ ನಡುವೆ ನೆಡಲು ಅಷ್ಟು ಹಿಂಜರಿಯದು. ಕಾಳಿಘಾಟ್‌ನ ಭಕ್ತರಿಗೆ ಮಾತ್ರ ಅದು ಇಂದಿಗೂ ಆದಿಗಂಗೆಯೇ. ಅಲ್ಲಿ ಹೆಸರು ಉಳಿದಿರುವುದರಿಂದಲೇ ನದಿಯನ್ನು ಉಳಿಸಬೇಕೆಂಬ ಮಾತಿಗೂ ಆಧಾರವಿದೆ.

ವಿದ್ಯಾಧರಿಯ ಕಥೆ ಇನ್ನೂ ಕಠೋರವಾದುದು. ನಗರದ ಕೊಳಚೆಯನ್ನು ಹೊತ್ತು ಹೊತ್ತು ಹೂಳು ತುಂಬಿದ ಆ ನದಿಯನ್ನು 1928ರಲ್ಲಿ ಮೃತವೆಂದು ಸಾರಲಾಯಿತು. ಆಮೇಲೆ ಕುಲ್ಟಿಯ ಕಡೆಗೆ ಬೇರೆ ಕಾಲುವೆಗಳನ್ನು ತೋಡಬೇಕಾಯಿತು. ನಗರದ ಪೂರ್ವದ ಜೌಗುನೆಲದಲ್ಲಿ ಬೆಸ್ತರು ಆ ಕೊಳಚೆನೀರನ್ನೇ ಕೆರೆಗಳಿಗೆ ಹಾಯಿಸಿ ಮೀನು ಸಾಕುವ ವಿದ್ಯೆಯನ್ನು ಬೆಳೆಸಿದರು. ಬಿಸಿಲು, ಪಾಚಿ, ಮೀನುಗಳೇ ಅಲ್ಲಿ ನೀರನ್ನು ಶುದ್ಧಿಗೊಳಿಸುತ್ತವೆ. ಪರಿಸರತಜ್ಞ ಧ್ರುವಜ್ಯೋತಿ ಘೋಷ್ ಈ ವಿದ್ಯೆಯ ಮಹತ್ತ್ವವನ್ನು ಜಗತ್ತಿಗೆ ತಿಳಿಸಿದರು. 2002ರಲ್ಲಿ ಸುಮಾರು 12,500 ಹೆಕ್ಟೇರ್ ಪ್ರದೇಶ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ‘ಬಂಜರು ಜೌಗು’ ಎನಿಸಿದ್ದ ನೆಲಕ್ಕೆ ‘ಪೂರ್ವ ಕೋಲ್ಕತ್ತ ಜೌಗುಪ್ರದೇಶ’ ಎಂಬ ಅಂಕಿತ ಬಂದದ್ದು ಅದರ ರಕ್ಷಣೆಗೆ ಬಲವಾಯಿತು. ಹೆಸರು ಕೆಳಗಿಳಿಸಬಲ್ಲದಾದಂತೆ ಮೇಲೆತ್ತಲೂ ಬಲ್ಲದು.

ಜೀವಂತವಾಗಿರುವ ಹೂಗ್ಲಿಯೂ ಸ್ವಯಂಪೂರ್ಣವಲ್ಲ. ಹೂಳಿನಿಂದ ಬಂದರು ಕುಂದಿದಾಗ, 1975ರಲ್ಲಿ ಫರಕ್ಕಾ ಅಣೆಕಟ್ಟಿನ ಮೂಲಕ ಗಂಗೆಯ ನೀರನ್ನು ಅದಕ್ಕೆ ತಿರುಗಿಸಲಾಯಿತು. 2024ರ ಮಾರ್ಚ್‌ನಿಂದ ಮೆಟ್ರೋ ರೈಲು ಇದೇ ನದಿಯ ತಳದಡಿಯಲ್ಲಿ ಸುಮಾರು 520 ಮೀಟರ್ ಸಾಗಿ, ಲಾಲ್ ದಿಘಿಯ ಪಕ್ಕದ ಮಹಾಕರಣ ನಿಲ್ದಾಣವನ್ನು ತಲುಪುತ್ತದೆ. ಪ್ರಯಾಣಿಕನಿಗೆ ನದಿ ಕಾಣುವುದಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ನಾಡನ್ನು ನೋಡಬೇಕು. ಬಿಬಿಡಿ ಬಾಗ್‌ನಲ್ಲಿ ‘ಟ್ಯಾಂಕ್’ ಎಂಬ ಹೆಸರು ಹೋಗಿ ಕೆರೆ ಉಳಿಯಿತು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಪಕ್ಕದಲ್ಲಿ ‘ಟ್ಯಾಂಕ್ ಬಂಡ್ ರಸ್ತೆ’ ಎಂಬ ಹೆಸರು ಮಾತ್ರ ಉಳಿಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಸಂಪಂಗಿರಾಮನಗರ ಅದರ ನೆನಪನ್ನು ಹೊತ್ತಿದೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ನಂಬಲಾದ ವೃಷಭಾವತಿ ಜನರ ಬಾಯಲ್ಲಿ ‘ಕೆಂಗೇರಿ ಮೋರಿ’ಯಾಗಿದೆ. ಟಾಲಿಯ ನಾಲಾಕ್ಕೂ ಕೆಂಗೇರಿ ಮೋರಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ.

ನಮ್ಮ ದತ್ತಿಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಕೆರೆ, ಕೋಡಿ, ಮರ, ಬಂಡೆಗಳನ್ನು ಹೆಸರಿಸುತ್ತವೆ. ಶಾಸನಕಾರನಿಗೆ ಹಳ್ಳದ ಹೆಸರು ಅಲಂಕಾರವಾಗಿರಲಿಲ್ಲ. ಅದು ಹಕ್ಕಿನ ಆಧಾರವಾಗಿತ್ತು. ಇಂದಿಗೂ ಒತ್ತುವರಿಯ ಪ್ರಶ್ನೆ ಎದ್ದಾಗ ‘ಇಲ್ಲಿ ಹಳ್ಳವಿತ್ತೇ?’ ಎಂದು ಮೊದಲು ಕೇಳಲಾಗುತ್ತದೆ. ಅದಕ್ಕೆ ಉತ್ತರ ಕೊಡುವ ಸಾಮಗ್ರಿ ಶಾಸನಗಳಲ್ಲಿ, ಕೈಫಿಯತ್ತುಗಳಲ್ಲಿ, ಹಳೆಯ ಮೋಜಣಿ ನಕಾಶೆಗಳಲ್ಲಿ, ಊರ ಹಿರಿಯರ ಮಾತಿನಲ್ಲಿ ಇದೆ. ಅದನ್ನು ಓದಬಲ್ಲ ಶಿಕ್ಷಣ ಕನ್ನಡ ವಿಭಾಗಗಳಲ್ಲಿಯೇ ದೊರೆಯುತ್ತದೆ. ಒಂದೊಂದು ತಾಲ್ಲೂಕಿನ ಜಲನಾಮಗಳನ್ನು ಸಂಗ್ರಹಿಸಿ, ರೂಪ, ಅರ್ಥ, ಸ್ಥಾನಗಳೊಡನೆ ದಾಖಲಿಸುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಳ್ಳಬೇಕು. ಹೆಸರು ಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಅದು ನಡೆಯಬೇಕು.